‘ಪೇನ್‌ಕಿಲ್ಲರ್ ಅಲರ್ಜಿ’ ಎಂದಷ್ಟೇ ಬರೆದರೆ ಸಾಲದು

ಪ್ರಶ್ನೆ: ನನಗೆ 57 ವರ್ಷ. ಮೂರು ವರ್ಷದ ಹಿಂದೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ವಾರ್ಡಿಗೆ ತಂದ ಮೇಲೆ ನೋವು ತಡೆಯಲಾಗದೆ ಕೇಳಿಕೊಂಡಾಗ ನರ್ಸ್ ಡ್ರಿಪ್‌ನಲ್ಲಿ ಡೈಕ್ಲೋಫೆನಾಕ್ ಹಾಕಿದರು. ಆಗಲೇ ಆ್ಯಂಟಿಬಯಾಟಿಕ್ ಕೂಡ ಕೊಟ್ಟ ನೆನಪು. ಐದು ಹತ್ತು ನಿಮಿಷದಲ್ಲಿ ಅಂಗೈ ಅಂಗಾಲು ತುರಿಕೆ ಶುರುವಾಗಿ, ಮೈಯೆಲ್ಲ ಕೆಂಪಾಗಿ, ತುಟಿ ಊದಿ, ಗಂಟಲು ಬಿಗಿದು ಕಣ್ಣು ಕತ್ತಲೆ ಬಂತು. ಒಂದು ದಿನ ಐಸಿಯುನಲ್ಲಿ ಇಟ್ಟಿದ್ದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಪೇನ್‌ಕಿಲ್ಲರ್ ಅಲರ್ಜಿ’ ಎಂದಷ್ಟೇ ಇದೆ. ಅದಕ್ಕೂ ತುಂಬಾ ಹಿಂದೆ, ಮಗಳು ಹುಟ್ಟುವಾಗ ಸಿಸೇರಿಯನ್ ಆಗಿತ್ತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಲ್ಲಿ ಮಾರ್ಫಿನ್ ಇತ್ತಂತೆ, ಆ ರಾತ್ರಿಯೆಲ್ಲ ಮೂಗು, ಮುಖ ತುರಿಸಿಕೊಂಡಿದ್ದೆ. ಪಿತ್ತಕೋಶದ ಆಪರೇಷನ್ ನಂತರ ಹೆದರಿ ಪ್ಯಾರಸಿಟಮಾಲ್ ಕೂಡ ಮುಟ್ಟಿಲ್ಲ. ಕಳೆದ ವರ್ಷ ಒಮ್ಮೆ ಮಾತ್ರ ಹಲ್ಲುನೋವಿಗೆ ಯೋಚಿಸದೆ ಮನೆಯಲ್ಲಿದ್ದ ಐಬುಪ್ರೊಫೆನ್ 400 ಮಾತ್ರೆ ನುಂಗಿಬಿಟ್ಟೆ, ಏನೂ ಆಗಲಿಲ್ಲ. ಅಸ್ತಮಾ ಇಲ್ಲ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೇನೆ. ಈಗ ಮಂಡಿ ಕೀಲು ಬದಲಾಯಿಸಬೇಕು ಎನ್ನುತ್ತಿದ್ದಾರೆ. ನೋವಿನ ಔಷಧವೇ ಇಲ್ಲದೆ ಇದನ್ನು ಸಹಿಸುವುದು ಹೇಗೆ? ಮೊದಲೇ ಟೆಸ್ಟ್ ಡೋಸ್ ಹಾಕಿ ನೋಡಿದರೆ ಸಾಲದೇ? ಅರಿವಳಿಕೆಯಲ್ಲಿ ಇದ್ದಾಗ ಹೀಗಾದರೆ ಯಾರಿಗೆ ಗೊತ್ತಾಗುತ್ತದೆ? ನನ್ನ ಮಗಳೂ ಈ ಔಷಧಗಳಿಂದ ದೂರ ಇರಬೇಕೇ?

ಉತ್ತರ: ನಿಮಗೆ ಆದದ್ದು ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಯನ್ನು ಹಿಡಿದು ಜೀವಕ್ಕೇ ಅಪಾಯ ತರುವ ಅಲರ್ಜಿ ಪ್ರತಿಕ್ರಿಯೆ. ಚರ್ಮ, ಗಂಟಲು, ರಕ್ತದೊತ್ತಡ ಮೂರೂ ಒಟ್ಟಿಗೆ ಕೆಟ್ಟಿವೆ, ಅದೂ ರಕ್ತನಾಳಕ್ಕೆ ಔಷಧ ಹೋದ ಕೆಲವೇ ನಿಮಿಷಗಳಲ್ಲಿ. ನಿಮ್ಮ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಆದರೆ ಆ ಹೆದರಿಕೆ ಈಗ ಎಲ್ಲ ನೋವಿನ ಔಷಧಗಳ ಮೇಲೂ ಹರಡಿಕೊಂಡಿದೆ. ಅದಕ್ಕೆ ಕಾರಣ ಆ ಎರಡು ಪದಗಳ ಷರಾ. ‘ಪೇನ್‌ಕಿಲ್ಲರ್’ ಎಂಬುದು ಒಂದು ಔಷಧದ ಹೆಸರಲ್ಲ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್, ಮಾರ್ಫಿನ್, ಮರಗಟ್ಟಿಸುವ ಬುಪಿವಕೇನ್ ಇವೆಲ್ಲ ನೋವು ತಗ್ಗಿಸುತ್ತವೆ ನಿಜ, ಆದರೆ ರಚನೆಯಲ್ಲಾಗಲಿ ಕೆಲಸ ಮಾಡುವ ರೀತಿಯಲ್ಲಾಗಲಿ ಒಂದಕ್ಕೊಂದು ನಂಟಿಲ್ಲ. ಒಂದಕ್ಕೆ ಅಲರ್ಜಿ ಇದ್ದ ಮಾತ್ರಕ್ಕೆ ಉಳಿದವು ಅಪಾಯ ಎಂದಾಗುವುದಿಲ್ಲ. ಆಪರೇಷನ್‌ಗೆ ಮೊದಲು ಆಗಬೇಕಾದ ಮುಖ್ಯ ಕೆಲಸ ಆ ಷರಾದ ಜಾಗದಲ್ಲಿ ಒಂದು ನಿಖರವಾದ ಹೆಸರು ಬರೆಸುವುದು.

ಮೊದಲು ಸಿಸೇರಿಯನ್ ವಿಷಯ ಮುಗಿಸಿಬಿಡೋಣ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮಾರ್ಫಿನ್ ಕೊಟ್ಟಾಗ ಮೂಗು, ಮುಖ, ಕುತ್ತಿಗೆ ತುರಿಸುವುದು ಬಹಳ ಸಾಮಾನ್ಯ. ಅದು ನರಮಂಡಲದೊಳಗೆ ಮಾರ್ಫಿನ್ ಮಾಡುವ ಕೆಲಸದ ಫಲ. ದದ್ದು ಇರುವುದಿಲ್ಲ, ಊತ ಇರುವುದಿಲ್ಲ, ಉಸಿರು ಕಟ್ಟುವುದಿಲ್ಲ. ಅಲರ್ಜಿಯೇ ಅಲ್ಲವಾದ್ದರಿಂದ ಅಲರ್ಜಿ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದೂ ಇಲ್ಲ. ರಕ್ತನಾಳಕ್ಕೆ ಮಾರ್ಫಿನ್ ಅಥವಾ ಪೆಥಿಡಿನ್ ಕೊಟ್ಟಾಗ ಸೂಜಿ ಚುಚ್ಚಿದ ನಾಳದ ಗುಂಟ ಕೆಂಪು ಗೆರೆ ಮೂಡುವುದು, ಮುಖ ಕೆಂಪಾಗುವುದು, ಸ್ವಲ್ಪ ತುರಿಸುವುದು ಬೇರೆಯದೇ ವಿಷಯ. ಆ ಔಷಧಗಳು ಚರ್ಮದಲ್ಲಿರುವ, ಅಲರ್ಜಿಯಲ್ಲಿ ಕೆರಳುವ ಮಾಸ್ಟ್ ಕೋಶಗಳಿಂದ ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ನೇರವಾಗಿ ಹೊರಹಾಕಿಸುತ್ತವೆ. ರೋಗನಿರೋಧಕ ವ್ಯವಸ್ಥೆ ಅವುಗಳ ವಿರುದ್ಧ ತಿರುಗಿಬಿದ್ದಿದೆ ಎಂದಲ್ಲ. ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಅಥವಾ ಹಿಸ್ಟಮಿನ್ ಹೊರಹಾಕಿಸದ ಫೆಂಟನಿಲ್‌ಗೆ ಬದಲಾಯಿಸಿದರೆ ಸಾಕು. ಈ ಗುಂಪಿನ ಔಷಧಗಳಿಗೆ ನಿಜವಾದ ಅಲರ್ಜಿ ಇಲ್ಲವೆಂದಲ್ಲ, ಅಪರೂಪ. ಇದೇ ಗುಂಪಿನ ಟ್ರಮಡಾಲ್‌ನಿಂದ ವಾಂತಿ, ತಲೆಸುತ್ತು ಬಂದದ್ದನ್ನೂ ಎಷ್ಟೋ ಮಂದಿ ‘ಅಲರ್ಜಿ’ ಎಂದೇ ಬರೆಸಿಕೊಂಡಿರುತ್ತಾರೆ. ಅದು ಅಡ್ಡಪರಿಣಾಮ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಕಷ್ಟಕಾಲಕ್ಕೆ ಬೇಕಾದ ಔಷಧವೇ ಕೈತಪ್ಪುತ್ತದೆ. ಹಾಗಾಗಿ ನಿಮ್ಮ ಪಟ್ಟಿಯಿಂದ ಮಾರ್ಫಿನ್ ಹೆಸರು ತೆಗೆಯಬಹುದು.

ಈಗ ಡೈಕ್ಲೋಫೆನಾಕ್. ಇದು ಐಬುಪ್ರೊಫೆನ್, ಆಸ್ಪಿರಿನ್, ಕೆಟೊರೊಲಾಕ್, ನ್ಯಾಪ್ರೊಕ್ಸೆನ್ ಇರುವ ಉರಿಯೂತ ಶಮನಕಾರಿ ಗುಂಪಿನದು. ಈ ಗುಂಪಿಗೆ ಬರುವ ತೊಂದರೆ ಎರಡು ಬಗೆ, ಅವುಗಳನ್ನು ಬೇರ್ಪಡಿಸದೆ ಮುಂದಿನ ಯಾವ ತೀರ್ಮಾನವೂ ಆಗದು.

ಮೊದಲ ಬಗೆಯಲ್ಲಿ ದೋಷ ಒಂದು ಔಷಧದ್ದಲ್ಲ, ಇಡೀ ಗುಂಪಿನ ಕೆಲಸದ್ದು. ಈ ಔಷಧಗಳು ಕಾಕ್ಸ್-1 ಎಂಬ ಕಿಣ್ವವನ್ನು ತಡೆಯುತ್ತವೆ. ಅದನ್ನು ತಡೆದಾಗ ಕೆಲವರ ದೇಹದಲ್ಲಿ ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳು ಮಿತಿ ಮೀರುತ್ತವೆ. ಶ್ವಾಸನಾಳ ಬಿಗಿಯುತ್ತದೆ, ಮೂಗು ಕಟ್ಟುತ್ತದೆ, ಇಲ್ಲವೇ ಮೈಮೇಲೆ ಪಿತ್ತದ ಗಂಧೆ ಏಳುತ್ತದೆ. ಅಸ್ತಮಾದ ಜೊತೆಗೆ ಮೂಗಿನೊಳಗೆ ಪಾಲಿಪ್ (ಮೆತ್ತನೆಯ ಗಂಟು) ಇರುವವರು, ವರ್ಷಗಟ್ಟಲೆ ಗಂಧೆಯಿಂದ ನರಳುವವರು ಇಲ್ಲಿ ಹೆಚ್ಚು. ಇಂಥವರಿಗೆ ಡೈಕ್ಲೋಫೆನಾಕ್ ಆಗದಿದ್ದರೆ ಐಬುಪ್ರೊಫೆನ್ನೂ ಆಗದು, ಆಸ್ಪಿರಿನ್ನೂ ಆಗದು.

ಎರಡನೆಯ ಬಗೆಯಲ್ಲಿ ದೇಹ ಒಂದೇ ಒಂದು ಔಷಧವನ್ನು ಗುರುತು ಹಿಡಿದು ಪ್ರತಿಕ್ರಿಯಿಸುತ್ತದೆ, ಬಹಳ ಹತ್ತಿರದ ರಚನೆಯ ಇನ್ನೊಂದಿದ್ದರೆ ಅದಕ್ಕೂ. ಉಳಿದವು ಒಗ್ಗುತ್ತವೆ. ಹೀಗೆ ಒಂಟಿಯಾಗಿ ಅನಾಫಿಲಾಕ್ಸಿಸ್ ತರುವ ಔಷಧಗಳಲ್ಲಿ ಡೈಕ್ಲೋಫೆನಾಕ್ ಮುಂಚೂಣಿಯಲ್ಲಿದೆ.

ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ಹೇಳಿಬಿಟ್ಟ ಆ ಹಲ್ಲುನೋವಿನ ಮಾತ್ರೆ ನನಗೆ ಎಲ್ಲಕ್ಕಿಂತ ಮುಖ್ಯ. ಅನಾಫಿಲಾಕ್ಸಿಸ್ ಆದ ಮೇಲೆ ಐಬುಪ್ರೊಫೆನ್ 400 ಮಿಲಿಗ್ರಾಂ ನುಂಗಿಯೂ ಏನೂ ಆಗಿಲ್ಲ ಎಂದರೆ ಮೊದಲ ಬಗೆಯ ಸಾಧ್ಯತೆ ಬಹಳ ಕಡಿಮೆ. ಅಸ್ತಮಾ ಇಲ್ಲದಿರುವುದೂ ಅದಕ್ಕೆ ಹೊಂದುತ್ತದೆ. ಆದರೆ ಅಷ್ಟರಿಂದಲೇ ಡೈಕ್ಲೋಫೆನಾಕ್ ಅಪರಾಧಿ ಎಂದು ಸಾಬೀತಾಗುವುದಿಲ್ಲ, ಏಕೆಂದರೆ ಪಕ್ಕದಲ್ಲಿ ಆ್ಯಂಟಿಬಯಾಟಿಕ್ ಇದೆ. ಬ್ರಿಟನ್ನಿನ ಅರಿವಳಿಕೆ ತಜ್ಞರ ಕಾಲೇಜು 2018ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಪರಿಶೀಲನೆಯಲ್ಲಿ ಆಪರೇಷನ್ ಆಸುಪಾಸಿನ ತೀವ್ರ ಅನಾಫಿಲಾಕ್ಸಿಸ್ ಸುಮಾರು 10,000 ಅರಿವಳಿಕೆಗೆ ಒಂದರಂತೆ ಕಂಡಿತು. ಕಾರಣ ಪತ್ತೆಯಾದವುಗಳಲ್ಲಿ ಅರ್ಧದ ಹತ್ತಿರ ಆ್ಯಂಟಿಬಯಾಟಿಕ್, ಮೂರನೇ ಒಂದರಷ್ಟು ಸ್ನಾಯು ಸಡಿಲಿಸುವ ಔಷಧಗಳು, ಆಮೇಲೆ ಚರ್ಮ ಶುಚಿ ಮಾಡುವ ಕ್ಲೋರ್‌ಹೆಕ್ಸಿಡಿನ್. ನೋವಿನ ಔಷಧಗಳ ಪಾಲು ಚಿಕ್ಕದು. ನಿಮಗೆ ಆದದ್ದು ವಾರ್ಡಿನಲ್ಲಾದ್ದರಿಂದ ಸ್ನಾಯು ಸಡಿಲಿಸುವ ಔಷಧವನ್ನು ಬದಿಗಿಡಬಹುದು, ಆ್ಯಂಟಿಬಯಾಟಿಕ್ ಅನ್ನು ಹಾಗೆ ಬಿಡಲಾಗದು. ಮಂಡಿ ಆಪರೇಷನ್‌ನಲ್ಲಿ ಕೊಯ್ಯುವ ಮುನ್ನ ಆ್ಯಂಟಿಬಯಾಟಿಕ್ ಕೊಟ್ಟೇ ಕೊಡುತ್ತಾರೆ. ಎಲ್ಲರೂ ನೋವಿನ ಔಷಧದ ಮೇಲೆ ಕಣ್ಣಿಟ್ಟು ಕೂತಿರುವಾಗ ನಿಜವಾದ ಅಪರಾಧಿ ಮತ್ತೆ ಡ್ರಿಪ್‌ನಲ್ಲಿ ಹೋಗಿಬಿಟ್ಟರೆ ಅದಕ್ಕಿಂತ ದೊಡ್ಡ ಅನಾಹುತವಿಲ್ಲ.

ಹಳೆಯ ಕೇಸ್ ಶೀಟ್ ತರಿಸಿ

ಡಿಸ್ಚಾರ್ಜ್ ಸಮ್ಮರಿ ಸಾಲದು. ಪಿತ್ತಕೋಶದ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್‌ನ ಪ್ರತಿ ಕೇಳಿ. ಅದರಲ್ಲಿ ಬೇಕಾದವು: ಅರಿವಳಿಕೆಯ ದಾಖಲೆ, ವಾರ್ಡಿನ ಡ್ರಗ್ ಚಾರ್ಟ್, ನರ್ಸ್‌ಗಳ ಟಿಪ್ಪಣಿ, ಐಸಿಯು ಹಾಳೆಗಳು. ಡ್ರಗ್ ಚಾರ್ಟ್‌ನಲ್ಲಿ ಪ್ರತಿ ಔಷಧದ ಎದುರು ಕೊಟ್ಟ ಹೊತ್ತು ಮತ್ತು ಸಹಿ ಇರುತ್ತದೆ. ತುರಿಕೆ ಶುರುವಾದ ಹೊತ್ತಿನಿಂದ ಹಿಂದಕ್ಕೆ ಎರಡು ಗಂಟೆ ಲೆಕ್ಕ ಹಾಕಿ, ಆ ಅವಧಿಯಲ್ಲಿ ಮೈಗೆ ಸೇರಿದ ಪ್ರತಿಯೊಂದನ್ನೂ ಹೊತ್ತಿನ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ವಾಂತಿ ನಿಲ್ಲಿಸುವ ಇಂಜೆಕ್ಷನ್, ಅಸಿಡಿಟಿಯದು, ಹಚ್ಚಿದ ಔಷಧ ಎಲ್ಲವೂ ಸೇರಲಿ.

ಆ ಹಾಳೆಯನ್ನು ಓದುವ ರೀತಿ ಹೀಗೆ. ರಕ್ತನಾಳಕ್ಕೆ ಕೊಟ್ಟದ್ದು ಸಾಮಾನ್ಯವಾಗಿ ನಿಮಿಷಗಳಲ್ಲಿ ತೋರಿಸುತ್ತದೆ, ಬಾಯಿಂದ ಕೊಟ್ಟದ್ದಕ್ಕೆ ಅರ್ಧ ಗಂಟೆಯಿಂದ ಒಂದೆರಡು ಗಂಟೆ ಬೇಕಾಗಬಹುದು. ಆ್ಯಂಟಿಬಯಾಟಿಕ್ 4 ಗಂಟೆಗೆ, ಡೈಕ್ಲೋಫೆನಾಕ್ 4.20ಕ್ಕೆ, ತುರಿಕೆ 4.25ಕ್ಕೆ ಎಂದಿದ್ದರೆ ಸಂಶಯ ಡೈಕ್ಲೋಫೆನಾಕ್ ಕಡೆ ವಾಲುತ್ತದೆ. ಅದೇ ಆ್ಯಂಟಿಬಯಾಟಿಕ್ ಅನ್ನು ಬೆಳಿಗ್ಗೆ ಆಪರೇಷನ್‌ಗೆ ಮೊದಲೂ ಕೊಟ್ಟು ಏನೂ ಆಗಿರದಿದ್ದರೆ ಇನ್ನಷ್ಟು ವಾಲುತ್ತದೆ. ಐಸಿಯುನಲ್ಲಿ ಚೇತರಿಸಿಕೊಂಡ ಮೇಲೂ ಅದನ್ನೇ ಮುಂದುವರಿಸಿ ತೊಂದರೆ ಆಗಿಲ್ಲ ಎಂದು ಕಂಡರೆ ಆ್ಯಂಟಿಬಯಾಟಿಕ್ ಬಹುಮಟ್ಟಿಗೆ ಬಿಡುಗಡೆ. ಬದಲಿಗೆ ಅಂದೇ ಆ್ಯಂಟಿಬಯಾಟಿಕ್ ಬದಲಾಯಿಸಿದ್ದರೆ ಇಬ್ಬರೂ ಸಂಶಯದಲ್ಲೇ ಉಳಿಯುತ್ತಾರೆ. ಟ್ರಿಪ್ಟೇಸ್ ಎಂಬ ರಕ್ತಪರೀಕ್ಷೆಯ ವರದಿ ಇದೆಯೇ ನೋಡಿ. ಅನಾಫಿಲಾಕ್ಸಿಸ್ ಆದ ಒಂದೆರಡು ಗಂಟೆಯಲ್ಲಿ, ತಡವಾದರೂ ನಾಲ್ಕು ಗಂಟೆಯೊಳಗೆ ತೆಗೆದ ಮಾದರಿಯನ್ನು 24 ಗಂಟೆ ಕಳೆದ ನಂತರದ ಮಾದರಿಗೆ ಹೋಲಿಸುತ್ತೇವೆ. ಮೊದಲನೆಯದು ಎರಡನೆಯದರ 1.2 ಪಟ್ಟಿಗೆ 2 ಕೂಡಿಸಿದ್ದಕ್ಕಿಂತ ಹೆಚ್ಚಿದ್ದರೆ ಮಾಸ್ಟ್ ಕೋಶಗಳು ಒಡೆದದ್ದು ಖಚಿತ. ಅದು ಯಾವ ಔಷಧ ಎಂದು ಹೇಳುವುದಿಲ್ಲ, ಆದದ್ದು ಅನಾಫಿಲಾಕ್ಸಿಸ್ ಎಂಬುದಕ್ಕೆ ಬಲ ಕೊಡುತ್ತದೆ.

ಟೆಸ್ಟ್ ಡೋಸ್ ಬಗ್ಗೆ

ವಾರ್ಡಿನಲ್ಲಿ ಔಷಧವನ್ನು ಹನಿಯಷ್ಟು ಚರ್ಮದಡಿ ಚುಚ್ಚಿ ಹತ್ತು ಹದಿನೈದು ನಿಮಿಷ ನೋಡಿ ‘ಏನಿಲ್ಲ, ಕೊಡಬಹುದು’ ಎನ್ನುವ ಪದ್ಧತಿಯನ್ನು ನಿಮ್ಮ ವಿಷಯದಲ್ಲಿ ಒಪ್ಪಬೇಡಿ. ಮೂರು ಕಾರಣ ಇವೆ. ಮೊದಲ ಬಗೆಯ ತೊಂದರೆ ಇರುವವರಲ್ಲಿ ಚರ್ಮದ ಪರೀಕ್ಷೆಗೆ ಸಿಗುವ ಪ್ರತಿಕಾಯವೇ ಇರುವುದಿಲ್ಲ, ಪರೀಕ್ಷೆ ಯಾವಾಗಲೂ ಸರಿ ಎಂದೇ ತೋರಿಸುತ್ತದೆ. ಎರಡನೆಯ ಬಗೆಯಲ್ಲೂ ಡೈಕ್ಲೋಫೆನಾಕ್‌ಗೆ ಚರ್ಮದ ಪರೀಕ್ಷೆ ಅನೇಕ ನಿಜವಾದ ಅಲರ್ಜಿಗಳನ್ನು ತಪ್ಪಿಸಿಬಿಡುತ್ತದೆ, ವರ್ಷ ಕಳೆದಂತೆ ಇನ್ನೂ ಹೆಚ್ಚು. ಇನ್ನು ದುರ್ಬಲಗೊಳಿಸದ ಔಷಧ ಚರ್ಮವನ್ನು ಕೆರಳಿಸಿ ಇಲ್ಲದ ಅಲರ್ಜಿಯನ್ನು ತೋರಿಸುವುದೂ ಉಂಟು. ಮಾರ್ಫಿನ್ ಗುಂಪಿನಲ್ಲಿ ಅದು ಬಹುತೇಕ ಎಲ್ಲರಲ್ಲೂ ಗುಳ್ಳೆ ಎಬ್ಬಿಸುತ್ತದೆ.

ನಿಮಗೆ ಬೇಕಾದದ್ದು ಅಲರ್ಜಿ ತಜ್ಞರ ಬಳಿ ನಡೆಯುವ ವಿಧಿವತ್ತಾದ ಪರೀಕ್ಷೆ. ಅನಾಫಿಲಾಕ್ಸಿಸ್ ಆಗಿ ನಾಲ್ಕರಿಂದ ಆರು ವಾರ ಕಳೆದ ಮೇಲೆ ಮಾಡಬೇಕು ಎಂಬ ನಿಯಮವಿದೆ, ನಿಮಗೆ ಆ ಅವಧಿ ಯಾವಾಗಲೋ ದಾಟಿದೆ. ಆ್ಯಂಟಿಬಯಾಟಿಕ್‌ಗೆ ನಿರ್ದಿಷ್ಟ ಪ್ರಮಾಣದಲ್ಲಿ ತೆಳುಮಾಡಿದ ದ್ರಾವಣದಿಂದ ಚರ್ಮದ ಪರೀಕ್ಷೆ ಮಾಡುತ್ತಾರೆ, ಅದು ಸರಿ ಬಂದರೆ ಔಷಧವನ್ನೇ ಹಂತಹಂತವಾಗಿ ಕೊಟ್ಟು ನೋಡುತ್ತಾರೆ. ನೋವಿನ ಔಷಧದ ವಿಷಯದಲ್ಲಿ ಡೈಕ್ಲೋಫೆನಾಕ್ ಅನ್ನೇ ಮತ್ತೆ ಕೊಟ್ಟು ಸಾಬೀತು ಮಾಡುವ ಅಗತ್ಯವಿಲ್ಲ. ಅದನ್ನು ಬಿಟ್ಟು ನೀವು ಮುಂದೆ ಬಳಸಬೇಕಾದ ಔಷಧವನ್ನು, ಪೂರ್ತಿ ಡೋಸ್‌ನ ಒಂದು ಸಣ್ಣ ಭಾಗದಿಂದ ಶುರುಮಾಡಿ, ನಡುವೆ ಬಿಡುವು ಕೊಟ್ಟು ಏರಿಸುತ್ತಾ, ಬಿಪಿ ಮತ್ತು ಉಸಿರಾಟ ಅಳೆಯುತ್ತಾ ಹೋಗುತ್ತಾರೆ. ಕೊನೆಯ ಡೋಸ್ ನಂತರವೂ ಕೆಲವು ಗಂಟೆ ಕೂರಿಸಿಕೊಳ್ಳುತ್ತಾರೆ. ಆಸ್ಪಿರಿನ್ ಅನ್ನು ಹೀಗೆ ಕೊಟ್ಟು ಏನೂ ಆಗದಿದ್ದರೆ ‘ಇಡೀ ಗುಂಪು ಬೇಡ’ ಎಂಬ ಹಣೆಪಟ್ಟಿ ಅಲ್ಲಿಗೇ ಹರಿಯುತ್ತದೆ. ಅಲರ್ಜಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚರ್ಮದ ಪರೀಕ್ಷೆಗೆ ಐದರಿಂದ ಏಳು ದಿನ ಮೊದಲು ನಿಲ್ಲಿಸಬೇಕು. ಮಂಡಿ ಆಪರೇಷನ್ ತುರ್ತಿನದಲ್ಲ. ಇದಕ್ಕಾಗಿ ದಿನಾಂಕ ಒಂದು ತಿಂಗಳು ಮುಂದೆ ಹೋದರೂ ಹೋಗಲಿ.

ನೋವಿಗೆ ಏನೇನು ಕೊಡಬಹುದು

ಸಾಕಷ್ಟಿದೆ. ಮಂಡಿ ಆಪರೇಷನ್ ಅನ್ನು ಬೆನ್ನಿನ ಇಂಜೆಕ್ಷನ್‌ನಲ್ಲಿ ಮಾಡಿ, ತೊಡೆಯ ಬಳಿ ನರಕ್ಕೆ ಅಲ್ಟ್ರಾಸೌಂಡ್ ನೋಡಿಕೊಂಡು ಬ್ಲಾಕ್ (ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೆ ಮೊದಲ ದಿನದ ನೋವಿನ ದೊಡ್ಡ ಪಾಲು ಅಲ್ಲೇ ಇಳಿಯುತ್ತದೆ. ಅದಕ್ಕೆ ಬಳಸುವ ಬುಪಿವಕೇನ್, ರೋಪಿವಕೇನ್‌ಗಳಿಗೆ ನಿಜವಾದ ಅಲರ್ಜಿ ಅತ್ಯಂತ ವಿರಳ. ಅವುಗಳ ಅಪಾಯ ಬೇರೆ: ಡೋಸ್ ಹೆಚ್ಚಾದರೆ ಅಥವಾ ರಕ್ತನಾಳಕ್ಕೆ ಸೇರಿದರೆ ಬಾಯಿ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಯ್ಗುಡುವುದು, ಫಿಟ್ಸ್, ಹೃದಯದ ಲಯ ತಪ್ಪುವುದು. ಪ್ಯಾರಸಿಟಮಾಲ್ ನಿಮ್ಮ ತಳಹದಿ. 50 ಕೆ.ಜಿ. ಮೇಲ್ಪಟ್ಟವರಿಗೆ ಒಂದು ಬಾರಿಗೆ 1 ಗ್ರಾಂ, ದಿನಕ್ಕೆ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಡ್ರಿಪ್‌ನಲ್ಲಿ ಕೊಡುವುದಾದರೆ 15 ನಿಮಿಷ ತೆಗೆದುಕೊಂಡು ಹಾಕಬೇಕು. ಬೇಗ ಹರಿಸಿದರೆ ಬಿಪಿ ಇಳಿದು ಎಲ್ಲರೂ ಮತ್ತೆ ಅಲರ್ಜಿ ಎಂದು ಗಾಬರಿ ಬೀಳುತ್ತಾರೆ. ಆ ದಿನದ ಚಾರ್ಟ್‌ನಲ್ಲಿ ತುರಿಕೆಗೆ ಮುಂಚಿನ ಎರಡು ಗಂಟೆಯಲ್ಲಿ ಪ್ಯಾರಸಿಟಮಾಲ್ ಇಲ್ಲದಿದ್ದರೆ ಅದನ್ನು ಸಂಶಯಿಸಲು ಕಾರಣವೇ ಇಲ್ಲ. ಮೂರು ವರ್ಷದ ಹೆದರಿಕೆ ಸುಲಭಕ್ಕೆ ಹೋಗುವುದಿಲ್ಲ ಎಂದು ಬಲ್ಲೆ, ಹಾಗಾಗಿ ಮೊದಲ 500 ಮಿಲಿಗ್ರಾಂ ಮಾತ್ರೆಯನ್ನು ನಿಮ್ಮ ವೈದ್ಯರ ಎದುರಿಗೇ ನುಂಗಿ ಒಂದೆರಡು ಗಂಟೆ ಕುಳಿತು ಬನ್ನಿ. ಅದರ ಮೇಲೆ ನೋವು ಏರಿದಾಗ ಮಾರ್ಫಿನ್ ಅಥವಾ ಫೆಂಟನಿಲ್ ಅಲ್ಪ ಪ್ರಮಾಣದಲ್ಲಿ. ಉಸಿರು ನಿಧಾನವಾಗುವುದು, ವಾಂತಿ, ಮಲಬದ್ಧತೆ ಇವುಗಳ ಬೆಲೆ. ನಿಮಗೆ ಗೊರಕೆಯ ಜೊತೆ ಉಸಿರು ನಿಲ್ಲುವ ತೊಂದರೆ ಇದ್ದರೆ ಮೊದಲೇ ಹೇಳಿ.

ಕಾಕ್ಸ್-1 ಅನ್ನು ಹೆಚ್ಚಾಗಿ ಮುಟ್ಟದೆ, ಅದರ ಜೊತೆಗಾರ ಕಿಣ್ವವಾದ ಕಾಕ್ಸ್-2 ಅನ್ನು ತಡೆಯುವ ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಅನ್ನು ಎರಡೂ ಬಗೆಯ ರೋಗಿಗಳಲ್ಲಿ ಹೆಚ್ಚಿನವರು ತಾಳಿಕೊಳ್ಳುತ್ತಾರೆ. ಆದರೂ ಮೊದಲ ಡೋಸ್ ಆಪರೇಷನ್‌ಗೆ ಮುಂಚೆ ನಿಗಾದಲ್ಲಿ ಆಗಿರಬೇಕು. ನಿಮಗೆ ಬಿಪಿ ಇದೆ. ಎಟೊರಿಕಾಕ್ಸಿಬ್ ಬಿಪಿಯನ್ನು ಏರಿಸುತ್ತದೆ, ಹತೋಟಿಯಲ್ಲಿಲ್ಲದ ಬಿಪಿಗೆ ಕೊಡುವಂತಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಈ ಗುಂಪನ್ನೇ ಬಿಡುವುದು ಲೇಸು.

ಡೈಕ್ಲೋಫೆನಾಕ್‌ನ ಜೊತೆಗೆ ಅಸಿಕ್ಲೋಫೆನಾಕ್ ಕೂಡ ನಿಮಗೆ ನಿಷಿದ್ಧ. ರಚನೆ ಬಹಳ ಹತ್ತಿರ, ದೇಹದಲ್ಲಿ ಅದರ ಒಂದಂಶ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಕೆಟೊರೊಲಾಕ್ ಅನ್ನೂ ಪರೀಕ್ಷೆ ಆಗುವವರೆಗೆ ದೂರವಿಡಿ. ಇಲ್ಲೇ ಮಂಡಿ ಆಪರೇಷನ್‌ನ ಒಂದು ಗುಪ್ತ ದಾರಿ ಇದೆ: ಕೀಲು ಕೂರಿಸಿದ ಮೇಲೆ ಸರ್ಜನ್ ಸುತ್ತಲಿನ ಮಾಂಸಖಂಡಕ್ಕೆ ಚುಚ್ಚುವ ಮಿಶ್ರಣದಲ್ಲಿ ಮರಗಟ್ಟಿಸುವ ಔಷಧ, ಅಡ್ರಿನಲಿನ್ ಜೊತೆಗೆ ಎಷ್ಟೋ ಕಡೆ ಕೆಟೊರೊಲಾಕ್ ಇರುತ್ತದೆ. ಅದು ವಾರ್ಡಿನ ಡ್ರಗ್ ಚಾರ್ಟ್‌ಗೆ ಬರುವುದೇ ಇಲ್ಲ, ಥಿಯೇಟರಿನ ಮೇಜಿನ ಮೇಲೇ ಬೆರೆತು ಅಲ್ಲೇ ಮುಗಿಯುತ್ತದೆ. ಸರ್ಜನ್ ಅವರನ್ನು ನೇರವಾಗಿ ಕೇಳಿ. ಇನ್ನೊಂದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಮನೆಗೆ ಕಳುಹಿಸುವಾಗ ಬರೆಯುವ ಆಸ್ಪಿರಿನ್. ಅದನ್ನು ಯಾರೂ ನೋವಿನ ಔಷಧವಾಗಿ ನೋಡುವುದಿಲ್ಲ, ಹಾಗಾಗಿ ಅಲರ್ಜಿ ಪಟ್ಟಿಯ ಕಣ್ಣಿಗೆ ಬೀಳದೆ ದಾಟಿಹೋಗುತ್ತದೆ. ಡೈಕ್ಲೋಫೆನಾಕ್ ಇರುವ ಜೆಲ್, ಪ್ಯಾಚ್, ಗುದಕ್ಕೆ ಇಡುವ ಗುಳಿಗೆ, ಪ್ಯಾರಸಿಟಮಾಲ್ ಜೊತೆ ಬೆರೆಸಿದ ಮಾತ್ರೆ ಎಲ್ಲವೂ ಅದೇ ಲೆಕ್ಕ. ಮಾತ್ರೆಯ ಸ್ಟ್ರಿಪ್ ಮೇಲಿನ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಲ್ಲ, ಕೆಳಗೆ ಸಣ್ಣಗೆ ಬರೆದ ಔಷಧದ ಹೆಸರು ಓದಿ.

ಮತ್ತೆ ಆದರೆ

ಪೂರ್ಣ ಅರಿವಳಿಕೆಯಲ್ಲಿ ಇರುವವರು ತುರಿಕೆ ಎಂದು ಹೇಳಲಾರರು, ಮೈ ಮೇಲೆ ಬಟ್ಟೆ ಹೊದೆಸಿರುವುದರಿಂದ ದದ್ದು ಕಾಣದಿರಬಹುದು. ಆದರೆ ಅರಿವಳಿಕೆ ತಜ್ಞರು ತಲೆಯ ಬಳಿ ಇಡೀ ಹೊತ್ತು ಇರುತ್ತಾರೆ. ಅವರಿಗೆ ಮೊದಲು ಕಾಣುವುದು ಸಾಮಾನ್ಯವಾಗಿ ಬಿಪಿ ಕುಸಿಯುವುದು, ಇಲ್ಲವೇ ಶ್ವಾಸಕೋಶಕ್ಕೆ ಗಾಳಿ ತುಂಬಲು ಒತ್ತಡ ಹೆಚ್ಚು ಬೇಕಾಗುವುದು. ಬೆನ್ನಿನ ಇಂಜೆಕ್ಷನ್‌ನಲ್ಲಿ ನೀವು ಎಚ್ಚರವಾಗಿರುತ್ತೀರಿ. ಆ ಇಂಜೆಕ್ಷನ್ ತಾನೇ ಬಿಪಿ ಇಳಿಸುವುದರಿಂದ ಗೊಂದಲವಾಗಬಹುದು. ಹಾಗಾಗಿ ಅಂಗೈ ತುರಿಕೆ, ಗಂಟಲು ಬಿಗಿತ, ಏನೋ ಕೆಟ್ಟದ್ದಾಗುತ್ತಿದೆ ಎಂಬ ದಿಗಿಲು ಬಂದ ಕೂಡಲೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಚಿಕಿತ್ಸೆಯಲ್ಲಿ ಅಡ್ರಿನಲಿನ್ ಮೊದಲು, ಉಳಿದದ್ದೆಲ್ಲ ಆಮೇಲೆ. ವಾರ್ಡಿನಲ್ಲಾದರೆ ದೊಡ್ಡವರಿಗೆ 0.5 ಮಿಲಿಗ್ರಾಂ, ಅಂದರೆ ಸಾವಿರಕ್ಕೆ ಒಂದರ ದ್ರಾವಣದ ಅರ್ಧ ಎಂಎಲ್, ತೊಡೆಯ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೆ. ಜೊತೆಗೆ ಕಾಲು ಎತ್ತಿ ಮಲಗಿಸಿ ಡ್ರಿಪ್ ಅನ್ನು ವೇಗವಾಗಿ ಹರಿಸುತ್ತಾರೆ, ಆಮ್ಲಜನಕ ಕೊಡುತ್ತಾರೆ. ಅಲರ್ಜಿ ಇಂಜೆಕ್ಷನ್, ಸ್ಟೀರಾಯ್ಡ್ ಕೊಟ್ಟು ಕಾಯುತ್ತಾ ಕೂತು ಅಡ್ರಿನಲಿನ್ ತಡಮಾಡುವುದೇ ಜೀವಕ್ಕೆ ಎರವಾಗುವ ತಪ್ಪು. ನಿಮ್ಮ ಮೆಟೊಪ್ರೊಲಾಲ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಬೀಟಾ ಬ್ಲಾಕರ್ ಎಂಬ ಆ ಗುಂಪಿನ ಮಾತ್ರೆ ಅಡ್ರಿನಲಿನ್ ಪರಿಣಾಮವನ್ನು ಮಂದಗೊಳಿಸಬಹುದು, ಆಗ ಗ್ಲುಕಗಾನ್ ಎಂಬ ಇಂಜೆಕ್ಷನ್ ಬೇಕಾಗಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ದಿಢೀರ್ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಅಲರ್ಜಿ ತಜ್ಞರಿಗೂ ಅರಿವಳಿಕೆ ತಜ್ಞರಿಗೂ ಹೇಳಿ, ತೀರ್ಮಾನ ಅವರದಾಗಲಿ.

ಮನೆಗೆ ಹೋದ ಮೇಲೂ ಒಂದು ಎಚ್ಚರ. ದಿನಗಳ ಅಥವಾ ವಾರಗಳ ನಂತರ ಜ್ವರದ ಜೊತೆ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮ ಉರಿದು ಗುಳ್ಳೆ ಏಳುವುದು ಕಂಡರೆ ಹೊಸ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಇದು ಬೇರೆಯೇ ಜಾತಿಯ ಪ್ರತಿಕ್ರಿಯೆ. ಇದಕ್ಕೆ ಕಾರಣವಾದ ಔಷಧವನ್ನು ಪರೀಕ್ಷೆಗೆಂದೂ ಮತ್ತೆ ಕೊಡಬಾರದು.

ಪರೀಕ್ಷೆ ಮುಗಿದ ಮೇಲೆ ಚೀಟಿಯಲ್ಲಿ ಹೀಗೆ ಬರೆಸಿ: ಯಾವ ಔಷಧ, ಯಾವ ದಾರಿಯಲ್ಲಿ ಕೊಟ್ಟದ್ದು, ಎಷ್ಟು ನಿಮಿಷಕ್ಕೆ ಏನಾಯಿತು, ಯಾವ ಔಷಧಗಳು ಒಗ್ಗುತ್ತವೆ ಎಂದು ಸಾಬೀತಾಗಿದೆ. ಕೊನೆಯ ಸಾಲನ್ನು ಬಹಳ ಮಂದಿ ಬರೆಸುವುದೇ ಇಲ್ಲ, ಆದರೆ ನಡುರಾತ್ರಿ ವಾರ್ಡಿನಲ್ಲಿ ನೋವಿನಿಂದ ನರಳುವಾಗ ಡ್ಯೂಟಿ ಡಾಕ್ಟರಿಗೆ ಕೆಲಸಕ್ಕೆ ಬರುವುದು ಅದೇ. ಒಂದು ಪ್ರತಿ ಪರ್ಸ್‌ನಲ್ಲಿ, ಒಂದು ಕೇಸ್ ಶೀಟ್‌ನ ಮೊದಲ ಪುಟದಲ್ಲಿ ಇರಲಿ.

ಮಗಳ ಬಗ್ಗೆ ಕೇಳಿದ್ದೀರಿ. ತಾಯಿಗೆ ಒಂದು ಔಷಧ ಆಗಲಿಲ್ಲ ಎಂಬ ಕಾರಣಕ್ಕೆ ಮಗಳು ಅದನ್ನು ಬಿಡಬೇಕಿಲ್ಲ, ಪರೀಕ್ಷೆಯೂ ಬೇಕಿಲ್ಲ. ಅವರಿಗೇ ಅಸ್ತಮಾ, ಮೂಗಿನ ಪಾಲಿಪ್ ಅಥವಾ ಆಗಾಗ ಗಂಧೆ ಏಳುವ ತೊಂದರೆ ಇದ್ದರೆ ಅದನ್ನು ವೈದ್ಯರಿಗೆ ತಿಳಿಸಲಿ.